ಯಶ್ಮಿತಾಳ ಸ್ಪ್ಯಾನಿಷ್ ನೋಟ್‌ಬುಕ್

ಯಶ್ಮಿತಾ,

ನೀನು ತೀರಿಕೊಂಡು ಇವತ್ತಿಗೆ ನಲವತ್ತೊಂದು ದಿನ. ಸಂಜೆ ನಿನ್ನ ಅಮ್ಮ ಜಾಲ್ಸೂರಿನಿಂದ ಬಸ್ಸು ಹತ್ತಿ ಪುತ್ತೂರಿನ ನಮ್ಮ ಟ್ಯೂಷನ್ ಕೋಣೆಗೆ ಬಂದಿದ್ದರು. ಕೈಯಲ್ಲಿ ನಿನ್ನ ಸ್ಪ್ಯಾನಿಷ್ ನೋಟ್‌ಬುಕ್ ಇತ್ತು.

"ಟೀಚರ್, ಇದರಲ್ಲಿ ಅವಳು ಎಂತ ಬರೆದದ್ದು? ಮನೆಯಲ್ಲಿ ಯಾರಿಗೂ ಓದ್ಲಿಕ್ಕೆ ಬರುದಿಲ್ಲ."

ನಿಮ್ಮ ಒಂಬತ್ತನೆಯ ತರಗತಿಯವರಿಗೆ ದಿನಕ್ಕೆ ಮೂರು ವಾಕ್ಯ ಬರೆಯಲು ಹೇಳಿದವಳು ನಾನೇ. ಜೂನ್‌ನಲ್ಲಿ ದೇಹದ ಅಂಗಗಳ ಪಾಠವಾದಾಗ ಎಲ್ಲರೂ 'ನನಗೆ ತಲೆ ನೋಯುತ್ತದೆ' ಎಂದು ಬರೆದಿದ್ದಿರಿ. ಪಾಠ ಮುಗಿದರೂ ನೀನೊಬ್ಬಳು ಆಗಸ್ಟ್‌ವರೆಗೆ ಬರೆಯುತ್ತಲೇ ಇದ್ದೆ: 'ಇವತ್ತೂ ತಲೆ ನೋಯುತ್ತದೆ. ಬೋರ್ಡಿನ ಅಕ್ಷರ ಎರಡೆರಡಾಗಿ ಕಾಣುತ್ತದೆ. ಹೇಳಿದರೆ ಅಮ್ಮನಿಗೆ ಹೆದರಿಕೆಯಾಗುತ್ತದೆ, ಹೇಳಲಿಲ್ಲ.' ಅಭ್ಯಾಸಕ್ಕೆ ಬರೆಯುತ್ತೀ ಎಂದುಕೊಂಡೆ. ಕ್ರಿಯಾಪದ ತಿದ್ದಿ, ಕೆಳಗೆ 'ಬಹಳ ಚೆನ್ನಾಗಿದೆ' ಎಂದು ಬರೆದೆ. ಡಾಕ್ಟರರಿಗೆ ತಲೆಯೊಳಗಿನ ಗಡ್ಡೆ ಗೊತ್ತಾಗುವಾಗ ಸೆಪ್ಟೆಂಬರ್ ಕಳೆದಿತ್ತು.

"ಶಾಲೆಯ ವಿಷಯ, ಗೆಳತಿಯರ ವಿಷಯ ಬರೆದಿದ್ದಾಳೆ," ಎಂದೆ.

"ಒಮ್ಮೆ ಆ ಭಾಷೆಯಲ್ಲೇ ಓದ್ತೀರಾ? ಕೇಳ್ಬೇಕು ಅಂತ ಆಸೆ ಉಂಟು."

ಅವರೇ ಒಂದು ಪುಟ ತೆರೆದು ಕೊಟ್ಟರು. ಆಗಸ್ಟ್ ತಿಂಗಳಿನದು. ನಾನು ಓದಿದೆ. ಅವರು ಕಣ್ಣು ಮುಚ್ಚಿ ಕೇಳಿದರು.

"ಎಷ್ಟು ಚಂದ ಕೇಳ್ತದೆ ಟೀಚರ್," ಎಂದರು. "ಇನ್ನೊಮ್ಮೆ ಓದಿ."

ಇನ್ನೊಮ್ಮೆಯೂ ಓದಿದೆ.