ಬೇಲಿ ಆಚೆಯ ಅವರೆ

ಆರ್.ಟಿ. ನಗರ, ಭಾನುವಾರ

ಮಾಕಳಿ ಅತ್ತಿಗೆಗೆ ನಾದಿನಿ ಮುನಿತಾಯಮ್ಮನ ನಮಸ್ಕಾರ.

ಮಗಳ ಮನೆ ಎದುರು ಪಾರ್ಕಿನ ಮೂಲೇಲಿ ತರಕಾರಿ ಬೆಳ್ಕೊಳ್ಳಿ ಅಂತ ಕಾರ್ಪೊರೇಷನ್ನೋರು ಮನೆಗೊಂದು ಮಡಿ ಕೊಟ್ಟವ್ರೆ. ನಲ್ಲಿ ನೀರು, ಗೊಬ್ಬರಾನೂ ಅವರದೇ. ಸುತ್ತ ತಂತಿ ಬೇಲಿ. ನಮ್ಮಮ್ಮ ಹೊಲದ ಬದೀಲಿ ದಾರಿಲಿ ಹೋಗೋರಿಗೆ ಅಂತ ಹಾಕ್ತಿದ್ದಂಗೇ ನಾನೂ ಬೇಲಿ ಆಚೆ ನಾಲ್ಕು ಅವರೆ ಕಾಳು ಊರಿದೆ.

"ಅಜ್ಜಿ, ಆಚೆ ಹಾಕಿದ್ರೆ ಯಾರಾದ್ರೂ ಕಿತ್ಕೊಂಡ್ ಹೋಗ್ತಾರೆ," ಅಂತ ಪಾರ್ಕಿನ ಸೂಪರ್‌ವೈಸರ್ ರೇಗಿದ.

"ಹೋಗ್ಲಿ ಅಂತಲೇ ಹಾಕಿದ್ದು ಕಣಪ್ಪ," ಅಂದೆ.

ಕಾಯಿ ಬಲಿತು ಸೊಗಡು ಬಂದ್ರೂ ಯಾರೂ ಮುಟ್ಟಲಿಲ್ಲ. ನಮ್ಮ ಹೊಲ ನೆನೆದು ಅಳು ಬಂತು. ಇವತ್ತು ಬೆಳಿಗ್ಗೆ ನೋಡಿದ್ರೆ ಒಂದು ಗಿಡದಲ್ಲಿ ಕಾಯೇ ಇಲ್ಲ!

ಮಂಡಿನೋವು ಈಗ ವಾಸಿ. ಕಾರ್ಡಲ್ಲಿ ಜಾಗ ಮುಗೀತು. ಬಿತ್ತನೆ ಅವರೆ ಇನ್ನೊಂದು ಹಿಡಿ ಕಳ್ಸಿ, ಅತ್ತಿಗೆ. ಇಲ್ಲೂ ಕಿತ್ಕೊಳ್ಳೋರವ್ರೆ.