ಗಾಳಿಗೆ ಕಟಿಂಗ್

ಏನೂಂದ್ರೆ,

ಒಂದೇ ಮನೆಯಲ್ಲಿದ್ದುಕೊಂಡು ಇವಳಿಗೇನು ಕಾಗದ ಬರೆಯುವ ಹುಚ್ಚು ಎಂದು ನಗಬೇಡಿ. ಎದುರು ಕೂತು ಮಾತು ತೆಗೆದರೆ ನೀವು ತಮಾಷೆ ಮಾಡಿ ಹಾರಿಸಿಬಿಡುತ್ತೀರಿ, ನನಗೆ ಸಿಟ್ಟು ನೆತ್ತಿಗೇರುತ್ತದೆ. ಕಾಗದಕ್ಕೆ ಎದುರುತ್ತರ ಕೊಡಲಾಗುವುದಿಲ್ಲ. ಕುರ್ಚಿಯಲ್ಲಿ ಗಿರಾಕಿ ಇದ್ದರೆ ಮೊದಲು ಅವನ ತಲೆ ಮುಗಿಸಿ ಆಮೇಲೆ ಓದಿ. ಅರ್ಧ ಕತ್ತರಿಸಿ ಕೂರಿಸಬೇಡಿ, ಪಾಪ.

ವಿಷಯ ಇಷ್ಟೇ. ಆಸ್ಪತ್ರೆಯವರು ಕೊಟ್ಟ, ಹೆಜ್ಜೆ ಎಣಿಸುವ ಆ ಕೈ ಬ್ಯಾಂಡು ಸುಳ್ಳು ಹೇಳುತ್ತಿದೆ. ಅದು ನಿಮಗೂ ಗೊತ್ತು, ನನಗೂ ಗೊತ್ತು. ಗೊತ್ತಿಲ್ಲದಿರುವುದು ಡಾಕ್ಟರಿಗೆ ಮಾತ್ರ.

ಹಾರ್ಟ್ ಅಟ್ಯಾಕ್ ಆಗಿ ಮನೆಗೆ ಬಂದ ಮೇಲೆ, ನೀವು ದಿನಕ್ಕೆ ಎಷ್ಟು ನಡೆಯುತ್ತೀರೆಂದು ತಿಳಿಯಲು ಅದನ್ನು ಕೊಟ್ಟರು. ಎಡಗೈಗೆ ಕಟ್ಟಿಕೊಳ್ಳಿ ಎಂದಿದ್ದರು. ಎಡಗೈಯಲ್ಲಿ ನಿಮ್ಮ ಗಡಿಯಾರ ಇರಬೇಕಲ್ಲ, ಅದಕ್ಕೆ ಬಲಗೈಗೆ ಕಟ್ಟಿಕೊಂಡಿರಿ. ಮೊದಲ ದಿನವೇ ಸಂಜೆ ಬಂದು, "ನೋಡೇ, ಎಷ್ಟು ನಡೆದಿದೀನಿ! ಈ ಯಂತ್ರಕ್ಕಾದ್ರೂ ನನ್ನ ಬೆಲೆ ಗೊತ್ತಾಯ್ತು," ಎಂದು ಮೊಣಕೈವರೆಗೆ ಅಂಗಿಯ ತೋಳು ಮಡಚಿ ತೋರಿಸಿದಿರಿ. ನಾನೂ ಹಿರಿಹಿರಿ ಹಿಗ್ಗಿ ತಂಗಿಗೆ ಫೋನ್ ಮಾಡಿ ಹೇಳಿಕೊಂಡೆ. ಅಂಗಡಿಗೆ ಆಟೋದಲ್ಲಿ ಹೋಗಿ ಆಟೋದಲ್ಲೇ ಬರುವವರು ಎಲ್ಲಿ ನಡೆದಿರಿ ಎಂದು ಯೋಚಿಸಲಿಲ್ಲ. ದಿನವಿಡೀ ಗಿರಾಕಿಯ ತಲೆಯ ಸುತ್ತ ತಿರುಗುತ್ತೀರಲ್ಲ, ಅದೇ ಇರಬೇಕು ಎಂದುಕೊಂಡೆ.

ಹೋದ ವಾರ ಮಧ್ಯಾಹ್ನ ಊಟದ ಡಬ್ಬಿ ತಂದೆನಲ್ಲ, ಅವತ್ತು ನಿಜ ಗೊತ್ತಾಯಿತು. ಗಾಜಿನ ಬಾಗಿಲಿಂದ ನೋಡಿದರೆ ಒಳಗೆ ಒಬ್ಬ ಗಿರಾಕಿಯೂ ಇಲ್ಲ. ನೀವೇ ಗಿರಾಕಿಯ ಕುರ್ಚಿಯಲ್ಲಿ ಕೂತು, ಕತ್ತರಿ ಹಿಡಿದ ಕೈ ಎತ್ತಿ, ಗಾಳಿಗೆ ಕಟಿಂಗ್ ಮಾಡುತ್ತಿದ್ದಿರಿ. ಕಚಕಚ ಕಚಕಚ. ನಡುನಡುವೆ ನಿಲ್ಲಿಸಿ ಬ್ಯಾಂಡು ನೋಡುವುದು, ಸಾಲದೆಂದು ಮತ್ತೆ ಶುರು ಮಾಡುವುದು. ಅಯ್ಯೋ ನನ್ನ ಶಿವನೇ, ನನಗೆ ನಗು ತಡೆಯಲಾಗಲಿಲ್ಲ. ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡೆ. ಆಮೇಲೆ ಕನ್ನಡಿಯಲ್ಲಿ ನಿಮ್ಮ ಮುಖ ಕಂಡಿತು. ತಮಾಷೆ ಮಾಡುವವರ ಮುಖವಾಗಿರಲಿಲ್ಲ ಅದು. ಒಳಗೆ ಬರಲು ಮನಸ್ಸಾಗದೆ ಡಬ್ಬಿಯನ್ನು ಪಕ್ಕದ ಗಡಿಯಾರ ರಿಪೇರಿಯವರ ಕೈಯಲ್ಲಿ ಕೊಟ್ಟು ಬಂದುಬಿಟ್ಟೆ.

ಅದನ್ನು ಅಲ್ಲಿಗೇ ಬಿಡಬಹುದಿತ್ತು. ಬಿಡಲಾಗದಂತೆ ಮಾಡಿದ್ದು ನಿನ್ನೆಯ ಆಸ್ಪತ್ರೆ.

ಅಲ್ಲಿ ಕಾರಿಡಾರಿನಲ್ಲಿ ನಿಮ್ಮನ್ನು ನಡೆಸಿ ನೋಡಿದರು. ಹೊರಡುವ ಮೊದಲೇ ಎದೆ ಬಡಿತ ಏರಿತ್ತು. ಗೋಡೆ ಹಿಡಿದುಕೊಂಡು ಹೋಗಿ, ಅರ್ಧಕ್ಕೇ ನಿಂತು, ಏದುಸಿರು ಬಿಟ್ಟಿರಿ. ಡಾಕ್ಟರು ಬ್ಯಾಂಡಿನ ಲೆಕ್ಕ ನೋಡಿದರು, ನಿಮ್ಮನ್ನು ನೋಡಿದರು. "ದಿನಾ ಇಷ್ಟು ನಡೆಯೋರಿಗೆ ಹೀಗೆ ಉಸಿರು ಕಟ್ಟಬಾರದು. ರಕ್ತನಾಳ ಮತ್ತೆ ಮುಚ್ಚಿಕೊಂಡಿರಬಹುದು. ಸೋಮವಾರ ಇನ್ನೊಂದು ಆಂಜಿಯೋ ಮಾಡಿ ನೋಡಿಬಿಡೋಣ," ಎಂದರು. ಈಗ ಹೇಳುತ್ತೀರಿ, ಈಗ ಹೇಳುತ್ತೀರಿ ಎಂದು ನಾನು ಕಾದೆ. ನೀವು "ಆಗ್ಲಿ ಸಾರ್" ಎಂದಿರಿ. ನಾನು ಬಾಯಿ ತೆರೆದರೆ ಮೇಜಿನ ಕೆಳಗೆ ನನ್ನ ಕಾಲು ತುಳಿದಿರಿ.

ಅಲ್ಲಾ, ನಿಮಗೆ ಬುದ್ಧಿ ನೆಟ್ಟಗಿದೆಯಾ? ಮೈಯೊಳಗೆ ನಳಿಗೆ ತೂರಿಸಿಕೊಳ್ಳಲು ತಯಾರು, ನಡೆಯಲು ಹೆದರಿಕೆ ಎಂದು ಒಂದು ಮಾತು ಹೇಳಲು ತಯಾರಿಲ್ಲ! ಹೋದ ಸಲ ಆ ಆಂಜಿಯೋ ಕೋಣೆಯ ಬಾಗಿಲ ಹೊರಗೆ ಕೂತಿದ್ದವಳು ನಾನು. ಬೇಕಿಲ್ಲದೆ ಅಲ್ಲಿ ಇನ್ನೊಮ್ಮೆ ಕೂರುವುದು ನನ್ನಿಂದಾಗದು.

ಇವತ್ತು ಬೆಳಿಗ್ಗೆ ನಿಮಗೆ ಹೇಳದೆ, ಆಸ್ಪತ್ರೆಯಲ್ಲಿ ಅಟ್ಯಾಕ್ ಆದವರಿಗೆ ವ್ಯಾಯಾಮದ ತರಗತಿ ನಡೆಸುವ ಮೇಡಂ ಹತ್ತಿರ ಹೋಗಿ ಬಂದೆ. ನಿಮ್ಮ ಸುದ್ದಿ ಎತ್ತಲಿಲ್ಲ. ಆ ಬ್ಯಾಂಡು ಹೇಗೆ ಎಣಿಸುತ್ತದೆ ಎಂದಷ್ಟೇ ಕೇಳಿದೆ. ಅದಕ್ಕೆ ತಿಳಿಯುವುದು ಕೈಯ ಆಟವಂತೆ, ಕಾಲಿನದ್ದಲ್ಲ. ತಳ್ಳುಗಾಡಿ ಹಿಡಿದು ಊರೆಲ್ಲ ಸುತ್ತಿದರೆ ಕೈ ಆಡುವುದಿಲ್ಲ, ಅರ್ಧ ಹೆಜ್ಜೆ ಲೆಕ್ಕಕ್ಕೇ ಬರುವುದಿಲ್ಲ. ಕೂತಲ್ಲೇ ಕೈ ಆಡಿಸಿದರೆ ನಡೆದ ಹಾಗೆ. ಸೊಂಟಕ್ಕೆ ಕಟ್ಟುವ ಇನ್ನೊಂದು ಬಗೆಯದ್ದಿದೆಯಂತೆ, ಅದರ ಮುಂದೆ ಕತ್ತರಿಯ ಆಟ ನಡೆಯುವುದಿಲ್ಲ. ಎದ್ದು ಬರುವಾಗ ಅವರೇ ಹೇಳಿದರು: "ಅಟ್ಯಾಕ್ ಆದೋರಲ್ಲಿ ತುಂಬಾ ಜನ ನಡೆಯೋಕೆ ಹೆದರ್ತಾರೆ ಅಮ್ಮ. ಹೇಳಿದ್ರೆ ನಾವೇ ಜೊತೇಲಿ ನಡೆದು ಹೆದರಿಕೆ ಬಿಡಿಸ್ತೀವಿ. ಹೇಳೋದೇ ಇಲ್ಲ, ಏನ್ಮಾಡೋದು?" ಅವರಿಗೆ ಅನುಮಾನ ಬಂದಿರಬೇಕು. ಬರಲಿ ಬಿಡಿ.

ನಾಳೆ ತರಗತಿ ಇದೆ. ಮೇಡಂಗೂ ಡಾಕ್ಟರಿಗೂ ನೀವೇ ಬಾಯಿಬಿಟ್ಟು ಹೇಳಬೇಕು, ಕುರ್ಚಿಯಲ್ಲಿ ಕೂತು ಮಾಡಿದ್ದನ್ನೂ ಸೇರಿಸಿ. ಅವರು ನಗಬಹುದು, ನಗಲಿ. ಅದಾದ ಮೇಲೂ ಡಾಕ್ಟರು ಆಂಜಿಯೋ ಬೇಕೇ ಬೇಕು ಎಂದರೆ ಮಾಡಿಸೋಣ, ಆಗ ನಾನು ತುಟಿಪಿಟಕ್ಕೆನ್ನುವುದಿಲ್ಲ. ನೀವು ಹೇಳದಿದ್ದರೆ ನಾನು ಹೇಳುತ್ತೇನೆ. ಎರಡು ಕಾಲನ್ನೂ ತುಳಿದರೂ ನಿಲ್ಲಿಸುವುದಿಲ್ಲ.

ಇನ್ನೊಂದು ಮಾತು, ಇದನ್ನು ಬರೆಯಲು ಕೈ ಹಿಂದೇಟು ಹಾಕುತ್ತಿದೆ. ನಿಮ್ಮ ಹೆದರಿಕೆ ಸಾವಿನದ್ದಲ್ಲ ಎಂದು ನನಗೆ ಗೊತ್ತು. ಆಸ್ಪತ್ರೆಯಲ್ಲಿ ಎಚ್ಚರವಾದಾಗ ನೀವು ಮೊದಲು ಆಡಿದ ಮಾತು, "ಎಲ್ಲರ ಕಾಲು ಕಾಣ್ತಿತ್ತು ಕಣೇ." ಅಟ್ಯಾಕ್ ಆದ ದಿನ, ಅಂಗಡಿ ದಾರಿಯ ಆ ಏರು ರಸ್ತೆಯಲ್ಲಿ ನೀವು ಬಿದ್ದಿದ್ದಾಗ, ಕುಡಿದು ಬಿದ್ದಿದ್ದಾನೆ ಎಂದುಕೊಂಡು ಜನ ಪಕ್ಕಕ್ಕೆ ಸರಿದು ಹೋದರಂತೆ. ಮಾತಾಡಲು ಬಾಯಿ ಬರದೆ ಅವರ ಚಪ್ಪಲಿ ನೋಡುತ್ತ ಮಲಗಿದ್ದಿರಿ. ಆಮೇಲೆ ಒಮ್ಮೆಯೂ ಆ ಮಾತು ಎತ್ತಲಿಲ್ಲ, ನಾನೂ ಕೇಳಲಿಲ್ಲ. ನೆನೆಸಿಕೊಂಡರೆ ಈಗಲೂ ನನಗೆ ಅಳು ಬರುತ್ತದೆ, ಆ ಜನರ ಮೇಲೆ ಸಿಟ್ಟೂ ಬರುತ್ತದೆ.

ಅದಕ್ಕೇ, ನಾಳೆ ಮೇಡಂಗೆ ಹೇಳಿದ ಮೇಲೆ, ಅವರು ಎಷ್ಟು ದೂರ ಎನ್ನುತ್ತಾರೋ ಅಷ್ಟು ದೂರ ಸಂಜೆ ಇಬ್ಬರೂ ನಡೆಯೋಣ. ಏರು ರಸ್ತೆಗೆ ನಾಳೆಯೇ ಹೋಗಬೇಕೆಂದಿಲ್ಲ, ಆದರೆ ಒಂದು ದಿನ ಹೋಗೋಣ. ಬೀಳುವುದಿಲ್ಲ ಎಂದು ನಾನು ಭಾಷೆ ಕೊಡಲಾರೆ, ಡಾಕ್ಟರೂ ಕೊಡಲಾರರು. ಬಿದ್ದರೆ ಎತ್ತುವಷ್ಟು ಬಲವೂ ನನಗಿಲ್ಲ. ಆದರೆ ಪಕ್ಕದಲ್ಲಿ ನೆಲದ ಮೇಲೇ ಕೂತು, ನಿಮ್ಮ ತಲೆ ತೊಡೆಯ ಮೇಲಿಟ್ಟುಕೊಂಡು, ಒಂದು ಕಾಲೂ ದಾಟಿ ಹೋಗದ ಹಾಗೆ ಕೂಗುತ್ತೇನೆ.

ನಿಮಗೆ ಒಳ್ಳೆಯದಾಗಲಿ, ನಿಮ್ಮ ಉಸಿರು ಗಟ್ಟಿಯಾಗಿರಲಿ.

ಬೈದರೂ ಬಿಟ್ಟು ಹೋಗದ,
ನಿಮ್ಮವಳು