ಎರಡನೇ ಚೀಟಿ

ಹೊಸಪೇಟೆ,
ಗುರುವಾರ, 9 ಏಪ್ರಿಲ್ 2026

ಪ್ರೀತಿಯ ಅವ್ವಾ,

ನೀನು ಅಜ್ಜಿಯಾಗುತ್ತಿದ್ದೀಯ, ಅವ್ವಾ, ಅಜ್ಜಿ! ಈ ಸಾಲು ಬರೆಯುವಷ್ಟರಲ್ಲಿ ಎರಡು ಹಾಳೆ ಹರಿದುಹಾಕಿದೆ. ನೀನು ಹೇಗಿದ್ದೀಯ? ಗದಗದ ಮಾಮನ ಮನೆಯಲ್ಲಿ ನಿದ್ದೆಯಾದರೂ ಆಗುತ್ತಿದೆಯಾ? ಕಣ್ಣಿನ ಆಪರೇಷನ್ ಆದ ಅಜ್ಜಿ ಕಪ್ಪು ಕನ್ನಡಕ ಹಾಕಿಕೊಂಡು ಈಗ ಯಾರನ್ನು ಬೈಯುತ್ತಿದ್ದಾಳೆ? ಫೋನ್ ಮಾಡಬಹುದಿತ್ತು. ಆದರೆ ನೀನು ಸ್ಪೀಕರ್ ಹಾಕುತ್ತೀಯ, ಮತ್ತು ಇದು ಎಲ್ಲರೂ ಕೇಳುವ ಮಾತಲ್ಲ.

ಇಲ್ಲಿ ಎಲ್ಲರೂ ಭಾಳ ಒಳ್ಳೆಯವರು. ಅಪ್ಪನಾಗುವ ಸುದ್ದಿ ಕೇಳಿ ಹಂಪೇಶ್ ಬೈಕ್ ಹತ್ತಿ ಕಡ್ಡಿರಾಂಪುರದವರೆಗೆ ಹೋಗಿ ಬಂದರು. ಯಾಕೆ ಅಂದರೆ ಗೊತ್ತಿಲ್ಲ ಅಂದರು. ಗಂಗಾಂಬಿಕಾ ಅತ್ತೆಯಂತೂ ಮದುವೆಯಾದಾಗಿನಿಂದ ಆರು ವಾರ ದಿನವೂ ಹೊಸ ಸೊಸೆ ಅಂತ ಶೇಂಗಾ ಹೋಳಿಗೆಗೆ ತುಪ್ಪ ಹಾಕಿ ಬಡಿಸಿದ್ದಾರೆ. ಅದಕ್ಕೇ ಸೋಮವಾರ ಡಾಕ್ಟರಮ್ಮ ನನ್ನ ರಕ್ತದಲ್ಲಿ ಸಕ್ಕರೆ ಹೆಚ್ಚಿದೆ ಅಂದಾಗ ಅವರ ಮುಖ ಬಿಳಿಚಿಕೊಂಡಿತು. ಹೋಳಿಗೆಯ ಮಣೆ ಅಟ್ಟ ಸೇರಿದೆ. ನನ್ನ ಕೈಯಾರೆ ಹಿಂಗ ಮಾಡಿದೆ ಅಂತ ಮಗನೆದುರು ಅಳುತ್ತಾರೆ. ನಾನು ಒಳಗೂ ಹೊರಗೂ ಅಡ್ಡಾಡುತ್ತೇನೆ, ಕೂತಲ್ಲಿ ಕೂರಲಾಗುತ್ತಿಲ್ಲ.

ಯಾಕೆಂದರೆ ತಪ್ಪು ಅವರದಲ್ಲ. ಮಾಡಿಸಿದ್ದು ಹಿಂದಿನ ಮೂರು ತಿಂಗಳ ಸಕ್ಕರೆ ಹೇಳುವ ಪರೀಕ್ಷೆ. ಕಂಪ್ಲಿಯ ನಮ್ಮ ಗಾಣದಲ್ಲಿ ಬೆಲ್ಲ ಕಾಯಿಸುವ ಅಂಜಿನಿಯ ಅಂಗಿ ನೆನಪಿದೆಯಾ? ಪಾಕ ಸಿಡಿದು ಸಿಡಿದು ಸೆಟೆದು ನಿಲ್ಲುತ್ತಿತ್ತು. ಒಂದು ದಿನ ಗಾಣ ನಿಲ್ಲಿಸಿದರೆ ಅದೇನು ಮೆತ್ತಗಾಗುತ್ತಿರಲಿಲ್ಲ. ರಕ್ತದ ಕೆಂಪು ಪ್ರೋಟೀನಿಗೂ ಸಕ್ಕರೆ ಹಾಗೇ ಅಂಟುತ್ತದಂತೆ. ಸಕ್ಕರೆ ಹೆಚ್ಚಿದಷ್ಟೂ ಹೆಚ್ಚು ಅಂಟುತ್ತದೆ, ಆ ರಕ್ತಕಣ ಸಾಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳು, ಬಿಡುವುದಿಲ್ಲ. ಅಜ್ಜಿಯ ಕಣ್ಣಿನೊಳಗಿನ ಪ್ರೋಟೀನನ್ನು ಮಬ್ಬು ಮಾಡಿದ್ದೂ ಅವಳ ಸಕ್ಕರೆಯೇ ಇರಬಹುದು. ಅತ್ತೆ ಔಷಧಿ ತರಲು ಹೋದಾಗ ಡಾಕ್ಟರಮ್ಮ ಆರರೊಳಗೆ ಇರಬೇಕಾದಲ್ಲಿ ಒಂಬತ್ತರ ಹತ್ತಿರದ ಅಂಕಿ ತೋರಿಸಿ, ಇದು ಒಂದೂವರೆ ತಿಂಗಳ ಹೋಳಿಗೆಯದಲ್ಲಮ್ಮ, ಹಳೆಯದು, ಮೊದಲು ಪರೀಕ್ಷೆ ಮಾಡಿಸಿದ್ದೆಯಾ ಅಂದರು. ನಾನು ಇಲ್ಲ ಅಂದೆ.

ನಿಶ್ಚಯಕ್ಕೆ ಮುಂಚೆ ಮಾಡಿಸಿದ್ದೆವಲ್ಲ ಅವ್ವಾ. ಮೊದಲ ಚೀಟಿಯಲ್ಲಿ ಸಕ್ಕರೆ ಹೆಚ್ಚು ಬಂತು. ನೀನು ಎರಡು ದಿನ ಬರೀ ಹಾಗಲಕಾಯಿ ರಸ, ಮಜ್ಜಿಗೆ ಕೊಟ್ಟು ಮತ್ತೆ ಮಾಡಿಸಿದೆ. ಎರಡನೇ ಚೀಟಿ ಚಂದ ಬಂತು. “ಹೋತು ನೋಡು, ಯಾರ ಮುಂದೂ ಹೇಳಬ್ಯಾಡ” ಅಂದೆ ನೀನು. ನಾನೂ ನಂಬಿದೆ, ನಂಬುವುದು ಸುಲಭವಾಗಿತ್ತು. ಆ ಹೊತ್ತಿನ ಸಕ್ಕರೆ ಇಳಿದಿತ್ತು ಅಷ್ಟೇ, ಅಂಟಿದ್ದು ಹೋಗಿರಲಿಲ್ಲ. ಈಗ ಮಗುವಿನ ಹೃದಯ, ಬೆನ್ನುಹುರಿ ಮೂಡುವ ವಾರಗಳಂತೆ. ಇನ್ಸುಲಿನ್ ಶುರುವಾಗಿದೆ. ಹೊಟ್ಟೆಗೆ ಚುಚ್ಚಿಕೊಳ್ಳುವಾಗ ಮಗುವಿಗೆ ತಾಗೀತೇನೋ ಅಂತ ಮೊದಲ ದಿನ ಉಸಿರು ಬಿಗಿಹಿಡಿದಿದ್ದೆ. ತಾಗುವುದಿಲ್ಲವಂತೆ. ಆದರೂ ಡಾಕ್ಟರಮ್ಮನಿಗೆ ಸುಳ್ಳು ಹೇಳಿ ಬಂದಿದ್ದೇನೆ, ಮತ್ತು ಅತ್ತೆ ಪಕ್ಕದ ಕೋಣೆಯಲ್ಲಿ ಅಳುತ್ತಿದ್ದಾರೆ.

ಅಜ್ಜಿಯ ಕಾಲಿಗೆ ನನ್ನ ನಮಸ್ಕಾರ. ಮಾಮನಿಗೆ ಸಿಹಿ ಸುದ್ದಿಯನ್ನಷ್ಟೇ ಹೇಳು.

ನಿನ್ನ,
ಪೂಜಿತಾ

ತಾ.ಕ.: ಲಕೋಟೆ ಅಂಟಿಸುವ ಮೊದಲೇ ಎದ್ದು ಹೋಗಿ ಅತ್ತೆಗೆ ಎಲ್ಲ ಹೇಳಿಬಿಟ್ಟೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಆಮೇಲೆ “ಮೊದ್ಲ ಹೇಳಿದ್ರ ಹೋಳಿಗಿ ಬದ್ಲಿ ರೊಟ್ಟಿ ಬಡೀತಿದ್ನಲ್ಲವ್ವ” ಅಂದರು. ಕ್ಷಮಿಸಿದರೋ ಇಲ್ಲವೋ ತಿಳಿಯಲಿಲ್ಲ. ಮೊದಲ ಚೀಟಿಯನ್ನು ನೀನು ಎಲ್ಲಿ ಹೋದರೂ ಒಯ್ಯುವ ವಿಭೂತಿ ಡಬ್ಬಿಯಲ್ಲಿ ಮಡಚಿಟ್ಟಿದ್ದನ್ನು ನಾನು ನೋಡಿದ್ದೆ. ಡಾಕ್ಟರಮ್ಮನಿಗೆ ನಿಜ ಹೇಳಿ ಅದನ್ನು ತೋರಿಸಬೇಕು, ತೆಗೆದಿಡು. ಭಾನುವಾರ ಬೆಳಗಿನ ಹಂಪಿ ಎಕ್ಸ್‌ಪ್ರೆಸ್‌ಗೆ ಗದಗಕ್ಕೆ ಬರುತ್ತೇವೆ, ನಾನೂ ಅತ್ತೆಯೂ.